ಮುಖ ನೋಡಿ ಸುಳ್ಳು ತಿಳಿಯುತ್ತದೆಯೇ? ನಿಮ್ಮ ಸ್ವಭಾವದಿಂದಲೇ ಶುರುಮಾಡಿ

"ಅವನ ಮುಖ ನೋಡಿದಾಗಲೇ ನನಗೆ ಗೊತ್ತಾಗಿತ್ತು ಮಾರಾಯ" ಎನ್ನುವವರು ಕುಂಬಳೆ ಪೇಟೆಯಲ್ಲೂ ಸಿಗುತ್ತಾರೆ, ಬದಿಯಡ್ಕದ ಅಡಿಕೆ ಅಂಗಡಿಯಲ್ಲೂ ಸಿಗುತ್ತಾರೆ. ಎಲ್ಲರೂ ಹೇಳುವುದು ಮೋಸ ಬಯಲಾದ ಮೇಲೆ. ಜಾಗದ ವ್ಯವಹಾರ, ಗಲ್ಫಿನ ವೀಸಾ, ಮದುವೆ ಸಂಬಂಧ, ಚಿಟ್ಟಿ ಹಣ, ತೋಟದ ಕೆಲಸಕ್ಕೆ ಕೊಟ್ಟ ಅಡ್ವಾನ್ಸ್, ಹೀಗೆ ಎದುರಿನವರ ಮಾತು ನಂಬಬೇಕೋ ಬೇಡವೋ ಎಂದು ನಿಂತಲ್ಲೇ ತೀರ್ಮಾನಿಸಬೇಕಾದ ಸಂದರ್ಭಗಳು ಕಾಸರಗೋಡಿನ ಬದುಕಿನಲ್ಲಿ ಬೇಕಾದಷ್ಟು ಉಂಟು. ಆಗ ನಾವು ನೆಚ್ಚಿಕೊಳ್ಳುವುದು ನಮ್ಮ "ಜನ ನೋಡಿದ ಅನುಭವ"ವನ್ನು.

ಈ ಅನುಭವದ ಬೆಲೆ ಎಷ್ಟು ಎಂದು ಲೆಕ್ಕ ಹಾಕಿದವರಿದ್ದಾರೆ. ಅಮೆರಿಕದ ಮನೋವಿಜ್ಞಾನಿಗಳಾದ ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪಾಲೊ, ಹಿಂದಿನ ನೂರಾರು ಪ್ರಯೋಗಗಳ ಫಲಿತಾಂಶವನ್ನು ಒಟ್ಟುಗೂಡಿಸಿ 2006ರಲ್ಲಿ ಪ್ರಕಟಿಸಿದರು. ಬೇರೆ ಯಾವ ಆಧಾರವೂ ಇಲ್ಲದೆ, ಮಾತನ್ನು ಕೇಳಿ ಮುಖ ನೋಡಿ ತೀರ್ಪು ಕೊಟ್ಟವರು 24,000ಕ್ಕೂ ಹೆಚ್ಚು ಮಂದಿ. ಅವರ ತೀರ್ಪು ಸರಿಯಾದದ್ದು 100ಕ್ಕೆ 54 ಸಲ. ನಾಣ್ಯ ಚಿಮ್ಮಿದರೂ 50 ಸಿಗುತ್ತಿತ್ತು! ಅದರಲ್ಲೂ ನಿಜ ಹೇಳಿದವರನ್ನು ನಂಬಿದ್ದು 100ಕ್ಕೆ 61 ಸಲ, ಸುಳ್ಳು ಹೇಳಿದವರನ್ನು ಹಿಡಿದದ್ದು 100ಕ್ಕೆ 47 ಸಲ ಮಾತ್ರ.

ಹಾಗಾದರೆ ನಮ್ಮ ಸ್ವಭಾವಕ್ಕೂ ಸುಳ್ಳು ಗುರುತಿಸುವುದಕ್ಕೂ ಸಂಬಂಧವೇ ಇಲ್ಲವೇ? ಉಂಟು, ಆದರೆ ನಾವು ಹುಡುಕುವ ಜಾಗದಲ್ಲಿಲ್ಲ. ಅದೇ ಇಬ್ಬರು 2008ರಲ್ಲಿ ಇನ್ನೊಂದು ಲೆಕ್ಕ ಮಾಡಿದರು. ಸುಳ್ಳು ಹಿಡಿಯುವ ಸಾಮರ್ಥ್ಯದಲ್ಲಿ ಮನುಷ್ಯರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ಇದ್ದದ್ದು ನಂಬುವ ಪ್ರವೃತ್ತಿಯಲ್ಲಿ. ಕೆಲವರು ಬೇಗ ನಂಬುತ್ತಾರೆ, ಕೆಲವರು ಯಾರನ್ನೂ ನಂಬುವುದಿಲ್ಲ. ಸ್ವಭಾವ ನಮ್ಮನ್ನು ಜಾಣರನ್ನಾಗಿ ಮಾಡುವುದಿಲ್ಲ, ನಾವು ಯಾವ ಕಡೆಗೆ ಜಾರಿ ಬೀಳುತ್ತೇವೆ ಎಂಬುದನ್ನಷ್ಟೇ ನಿರ್ಧರಿಸುತ್ತದೆ. ಆ ಕಡೆ ಯಾವುದೆಂದು ತಿಳಿದುಕೊಂಡರೆ ಕೈ ಎಲ್ಲಿ ಹಿಡಿಯಬೇಕೆಂದು ಗೊತ್ತಾಗುತ್ತದೆ. ಕೆಳಗಿನ ಹೆಜ್ಜೆಗಳೆಲ್ಲ ಅದಕ್ಕಾಗಿಯೇ.

ಹೆಜ್ಜೆ 1: ಕಣ್ಣು, ಬೆವರು, ತಡವರಿಕೆಯ ಲೆಕ್ಕ ಬಿಡಿ

"ಸುಳ್ಳು ಹೇಳುವವನು ಕಣ್ಣಲ್ಲಿ ಕಣ್ಣಿಟ್ಟು ನೋಡುವುದಿಲ್ಲ" ಎಂಬ ನಂಬಿಕೆ ನಮ್ಮೂರಿನದು ಮಾತ್ರ ಅಲ್ಲ. 2006ರಲ್ಲಿ ಪ್ರಕಟವಾದ, 75 ದೇಶಗಳನ್ನು ಒಳಗೊಂಡ ಒಂದು ಸಮೀಕ್ಷೆಯಲ್ಲಿ ಎಲ್ಲ ಕಡೆಯ ಜನರೂ ಮುಖ್ಯವಾಗಿ ಹೇಳಿದ ಗುರುತು ಇದೇ. ಆದರೆ ಡಿಪಾಲೊ ಮತ್ತು ಸಂಗಡಿಗರು 2003ರಲ್ಲಿ 158 ಗುರುತುಗಳನ್ನು ಒಂದೊಂದಾಗಿ ಪರಿಶೀಲಿಸಿದಾಗ, ದೃಷ್ಟಿ ತಪ್ಪಿಸುವುದಕ್ಕೂ ಸುಳ್ಳಿಗೂ ನಂಟು ಸಿಗಲಿಲ್ಲ. ಹೆಚ್ಚಿನ ಗುರುತುಗಳದ್ದು ಅದೇ ಕಥೆ. ಇದ್ದರೂ ತೀರಾ ಸಣ್ಣ ವ್ಯತ್ಯಾಸ, ಎದುರಿಗೆ ಕೂತವರ ಕಣ್ಣಿಗೆ ಬೀಳುವಷ್ಟಲ್ಲ.

ನಮ್ಮಲ್ಲಂತೂ ಹಿರಿಯರ ಎದುರು ತಲೆ ತಗ್ಗಿಸುವುದು ಮರ್ಯಾದೆ. ಸಂಬಂಧ ನೋಡಲು ಬಂದವರ ಎದುರು ಹುಡುಗಿ ನೆಲ ನೋಡಿದರೆ ನಾಚಿಕೆ, ಕೆಲಸದ ಹುಡುಗ ಯಜಮಾನರ ಎದುರು ನೆಲ ನೋಡಿದರೆ ಮಾತ್ರ ಕಳ್ಳತನ ಎಂದು ಅರ್ಥ ಮಾಡುವುದು ಯಾವ ನ್ಯಾಯ?

ನೋಡುವುದಕ್ಕಿಂತ ಕೇಳುವುದು ಮೇಲು. ಬಾಂಡ್ ಮತ್ತು ಡಿಪಾಲೊ ಅವರ 2006ರ ಲೆಕ್ಕದಲ್ಲಿ, ಧ್ವನಿಯಿಲ್ಲದೆ ದೃಶ್ಯ ಮಾತ್ರ ನೋಡಿ ತೀರ್ಪು ಕೊಟ್ಟವರ ಫಲಿತಾಂಶ ಎಲ್ಲರಿಗಿಂತ ಕೆಳಗಿತ್ತು. ತಾಳಮದ್ದಳೆಯ ಊರಿನವರಿಗೆ ಇದು ಸುಲಭವಾಗಬೇಕು. ವೇಷವಿಲ್ಲ, ಕುಣಿತವಿಲ್ಲ, ಕೂತು ಅರ್ಥ ಕೇಳಿ ಯಾರ ವಾದ ಗಟ್ಟಿ ಎಂದು ರಾತ್ರಿಯಿಡೀ ತೂಗುವವರು ನಾವು. (ಅಲ್ಲಿಯೂ ಎಷ್ಟೋ ಸಲ ಕಂಠ ಗೆಲ್ಲುತ್ತದೆ, ಹುರುಳು ಸೋಲುತ್ತದೆ. ಅದು ಬೇರೆ ಮಾತು.)

ಹೆಜ್ಜೆ 2: ಒಂದು ಪುಸ್ತಕ ಇಟ್ಟು ನಿಮ್ಮ ವಾಲು ಯಾವ ಕಡೆಗೆಂದು ಕಂಡುಹಿಡಿಯಿರಿ

"ನಾನು ಸುಲಭಕ್ಕೆ ಮೋಸ ಹೋಗುವವನಲ್ಲ" ಎಂದು ಹೆಚ್ಚಿನವರು ತಮ್ಮ ಬಗ್ಗೆ ಹೇಳಿಕೊಳ್ಳುತ್ತಾರೆ. ಆ ಹೇಳಿಕೆಯಿಂದ ಪ್ರಯೋಜನವಿಲ್ಲ. ಒಂದು ಸಣ್ಣ ನೋಟ್ ಪುಸ್ತಕ ಸಾಕು. ಮುಂದೆ ಪರಿಶೀಲಿಸಲು ಸಾಧ್ಯವಿರುವ ಮಾತು ಯಾರಾದರೂ ಹೇಳಿದಾಗ ಮೂರು ವಿಷಯ ಬರೆದಿಡಿ: ಅವರು ಹೇಳಿದ್ದೇನು, ನಿಮಗೆ ನಿಜ ಅನ್ನಿಸಿತೋ ಸುಳ್ಳು ಅನ್ನಿಸಿತೋ, 10ರಲ್ಲಿ ಎಷ್ಟು ಖಾತ್ರಿ. ಪಕ್ಕದಲ್ಲಿ ಒಂದು ಅಂಕಣ ಖಾಲಿ ಬಿಡಿ. ಸಂಗತಿ ಗೊತ್ತಾದ ದಿನ ಅದನ್ನು ತುಂಬಿಸಿ.

ದೊಡ್ಡ ವಿಷಯವೇ ಬೇಕೆಂದಿಲ್ಲ. ಪ್ಲಂಬರ್ "ನಾಳೆ ಹತ್ತಕ್ಕೆ ಬರ್ತೇನೆ" ಎಂದದ್ದು, ಅಂಗಡಿಯವರು "ಇದು ಹಳತು ಅಡಿಕೆ" ಎಂದದ್ದು, ಮಗಳು "ಟ್ಯೂಷನ್ ಇತ್ತು" ಎಂದದ್ದು ಎಲ್ಲವೂ ನಡೆಯುತ್ತದೆ. ಬರೆಯುವುದು ಫಲಿತಾಂಶ ತಿಳಿಯುವ ಮೊದಲೇ ಆಗಬೇಕು. ಇಲ್ಲದಿದ್ದರೆ ನೆನಪು ನಮ್ಮ ಪರವಾಗಿಯೇ ಸಾಕ್ಷಿ ಹೇಳುತ್ತದೆ.

ಒಂದೆರಡು ತಿಂಗಳ ನಂತರ ಎರಡು ಬಗೆಯ ತಪ್ಪುಗಳನ್ನು ಬೇರೆ ಬೇರೆ ಎಣಿಸಿ: ಸುಳ್ಳನ್ನು ನಂಬಿದ್ದು ಎಷ್ಟು, ನಿಜವನ್ನು ಶಂಕಿಸಿದ್ದು ಎಷ್ಟು. ಒಟ್ಟು ಅಂಕ ನೋಡಿದರೆ ಏನೂ ತಿಳಿಯುವುದಿಲ್ಲ. ಎಲ್ಲರನ್ನೂ ಸುಳ್ಳರೆನ್ನುವವನು ಒಂದು ಸುಳ್ಳನ್ನೂ ಬಿಡುವುದಿಲ್ಲ ಎಂಬುದು ನಿಜ. ಜೊತೆಗೆ ಒಬ್ಬ ಪ್ರಾಮಾಣಿಕನನ್ನೂ ಬಿಡುವುದಿಲ್ಲ! ಮೊದಲ ಬಗೆಯ ತಪ್ಪು ಹೆಚ್ಚಿದ್ದರೆ ನಿಮ್ಮ ವಾಲು ನಂಬಿಕೆಯ ಕಡೆಗೆ, ಎರಡನೆಯದು ಹೆಚ್ಚಿದ್ದರೆ ಶಂಕೆಯ ಕಡೆಗೆ.

ಖಾತ್ರಿಯ ಅಂಕವನ್ನೂ ಹೋಲಿಸಿ ನೋಡಿ. 9 ಎಂದು ಬರೆದಲ್ಲಿ ಹೆಚ್ಚು ಸರಿಯಾಗಿದ್ದೀರೋ, 5 ಎಂದು ಬರೆದಲ್ಲಿಯೋ? 1997ರಲ್ಲಿ ಡಿಪಾಲೊ ಮತ್ತಿತರರು ಹಲವು ಅಧ್ಯಯನಗಳನ್ನು ಸೇರಿಸಿ ನೋಡಿದಾಗ, ಖಾತ್ರಿಗೂ ತೀರ್ಪಿನ ಸರಿತನಕ್ಕೂ ಇರುವ ನಂಟು ಹತ್ತಿರಹತ್ತಿರ ಸೊನ್ನೆಯಾಗಿತ್ತು.

ಹೆಜ್ಜೆ 3: ನಿಮ್ಮ ಸ್ವಭಾವ ಎಲ್ಲಿ ಕಾಲೆಳೆಯುತ್ತದೆ ಎಂದು ನೋಡಿ

ಮನೋವಿಜ್ಞಾನಿಗಳು ವ್ಯಕ್ತಿತ್ವವನ್ನು ಅಳೆಯಲು ಸಾಮಾನ್ಯವಾಗಿ ಐದು ಗುಣ ಬಳಸುತ್ತಾರೆ: ಹೊಸದಕ್ಕೆ ತೆರೆದ ಮನಸ್ಸು, ಅಚ್ಚುಕಟ್ಟುತನ, ಜನರೊಡನೆ ಬೆರೆಯುವ ಗುಣ, ಸೌಹಾರ್ದ, ಮನಸ್ಸಿನ ತಳಮಳ. ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು 2006ರಲ್ಲಿ ಸಂದರ್ಶನಗಳ ಧ್ವನಿಮುದ್ರಣವನ್ನು 32 ಮಂದಿಗೆ ಕೇಳಿಸಿ ಅವರ ವ್ಯಕ್ತಿತ್ವವನ್ನೂ ಅಳೆದರು. ತೆರೆದ ಮನಸ್ಸು, ಸೌಹಾರ್ದ, ತಳಮಳ ಎಂಬ ಮೂರಕ್ಕೂ ಸುಳ್ಳು ಗುರುತಿಸುವುದಕ್ಕೂ ಅಲ್ಲಿ ನಂಟು ಕಂಡಿತು. ಆದರೆ ಗುಂಪು ಸಣ್ಣದು. ಒಟ್ಟಾರೆ ತೀರ್ಪುಗಳು ಊಹೆಯಿಂದ ಸಿಗುವುದಕ್ಕಿಂತಲೂ ಕೆಳಗೇ ಇದ್ದವು. "ನಾನು ಇಂಥ ಸ್ವಭಾವದವನು, ಆದ್ದರಿಂದ ನನಗೆ ತಿಳಿಯುತ್ತದೆ" ಎಂದು ಇದರಿಂದ ಹೇಳಲು ಬರುವುದಿಲ್ಲ. ಅದೇ ವರ್ಷ ಬಂದ ಮತ್ತೊಂದು ದೊಡ್ಡ ಸಂಕಲನದಲ್ಲಿ ಪ್ರಾಯ, ವಿದ್ಯೆ, ಹೆಣ್ಣು-ಗಂಡು, ವೃತ್ತಿಯ ಅನುಭವ ಯಾವುದಕ್ಕೂ ನಿಖರತೆಯೊಂದಿಗೆ ಹೇಳಿಕೊಳ್ಳುವ ಸಂಬಂಧ ಸಿಗಲಿಲ್ಲ. ಹೆಂಗಸರಿಗೆ ಒಳಮನಸ್ಸಿನಿಂದಲೇ ತಿಳಿಯುತ್ತದೆ ಎಂಬ ಮಾತಿಗೂ, ತಲೆ ನರೆತವರಿಗೆ ತಿಳಿಯುತ್ತದೆ ಎಂಬ ಮಾತಿಗೂ ಅಲ್ಲಿಗೆ ಬುಡ ಅಲುಗಾಡಿತು.

ಹಾಗಾಗಿ ಗುಣಗಳನ್ನು ಹೆಗ್ಗಳಿಕೆಗೆ ನೋಡುವ ಬದಲು ಎಚ್ಚರಿಕೆಗೆ ನೋಡೋಣ.

*ನೀವು ಬೇಗ ನಂಬುವವರಾದರೆ* ಊರಿನವರು ನಿಮ್ಮನ್ನು "ಪಾಪದವರು" ಎನ್ನುತ್ತಾರೆ. ಅಷ್ಟು ಕೀಳಾಗಿ ಕಾಣಬೇಕಾಗಿಲ್ಲ. 2010ರಲ್ಲಿ ಕೆನಡಾದಲ್ಲಿ ನ್ಯಾನ್ಸಿ ಕಾರ್ಟರ್ ಮತ್ತು ಮಾರ್ಕ್ ವೆಬರ್ ಮಾಡಿದ ಅಧ್ಯಯನದಲ್ಲಿ, ಉದ್ಯೋಗ ಸಂದರ್ಶನದಲ್ಲಿ ಸುಳ್ಳು ಹೇಳಿದವರನ್ನು ಜನರನ್ನು ನಂಬುವ ಸ್ವಭಾವದವರೇ ಶಂಕೆಯವರಿಗಿಂತ ಚೆನ್ನಾಗಿ ಗುರುತಿಸಿದರು. ಜನರೊಡನೆ ಹೆಚ್ಚು ಬೆರೆಯುವವರಿಗೆ ಜನ ಹೆಚ್ಚು ತಿಳಿಯುತ್ತಾರೇನೋ. ಆದರೂ ನಿಮ್ಮ ಅಪಾಯ ಬೇರೆ ಕಡೆ ಉಂಟು. ಅನುಮಾನ ಬಂದರೂ ಕೇಳಲು ನಾಚಿಕೆ. "ಅವರಿಗೆ ಬೇಸರವಾದೀತು" ಎಂದು ರಶೀದಿ ಕೇಳುವುದಿಲ್ಲ, "ಮನೆಯವರ ಹಾಗೆ" ಎಂದು ಕರಾರು ಬರೆಸುವುದಿಲ್ಲ. ನಿಮಗೆ ಬೇಕಾದದ್ದು ಹೆಚ್ಚಿನ ಶಂಕೆಯಲ್ಲ, ಒಂದು ನಿಯಮ: ಇಂತಿಷ್ಟು ರೂಪಾಯಿಗಿಂತ ಮೇಲೆ ಯಾರಿಗೇ ಕೊಟ್ಟರೂ, ತಮ್ಮನಿಗೇ ಕೊಟ್ಟರೂ, ಕಾಗದ ಆಗಲೇಬೇಕು. ನಿಯಮ ಎಲ್ಲರಿಗೂ ಒಂದೇ ಎಂದಾದಾಗ ಯಾರಿಗೂ ಬೇಸರವಾಗುವುದಿಲ್ಲ.

*ನೀವು ಶಂಕೆಯ ಸ್ವಭಾವದವರಾದರೆ* ನಿಮ್ಮ ತಪ್ಪು ನಿಮಗೆ ಕಾಣಿಸುವುದೇ ಇಲ್ಲ. ಮೋಸ ಹೋದವನಿಗೆ ಮೋಸ ಹೋದದ್ದು ಒಂದು ದಿನ ಗೊತ್ತಾಗುತ್ತದೆ. ಪ್ರಾಮಾಣಿಕನನ್ನು ಬಾಗಿಲಿನಿಂದ ಕಳಿಸಿದವನಿಗೆ ಏನು ಕಳೆದುಕೊಂಡೆ ಎಂದು ತಿಳಿಯುವುದು ಯಾವಾಗ? ಕ್ರಿಶ್ಚಿಯನ್ ಮೈಸ್ನರ್ ಮತ್ತು ಸಾಲ್ ಕ್ಯಾಸಿನ್ 2002ರಲ್ಲಿ ತೋರಿಸಿದ್ದು ಇದನ್ನೇ: ತನಿಖಾಧಿಕಾರಿಗಳಲ್ಲಿ ತರಬೇತಿ ಮತ್ತು ಅನುಭವ ಹೆಚ್ಚಿದಂತೆ ನಿಖರತೆ ಹೆಚ್ಚಲಿಲ್ಲ, "ಇವನು ಸುಳ್ಳ" ಎನ್ನುವ ಚಟ ಹೆಚ್ಚಿತು. ಶಂಕೆಯವರು ನೋಟ್ ಪುಸ್ತಕದಲ್ಲಿ ಇನ್ನೊಂದು ಸಾಲು ಸೇರಿಸಬೇಕು: "ಇವರು ನಿಜವನ್ನೇ ಹೇಳುತ್ತಿದ್ದರೆ ನನಗೆ ಏನು ಕಾಣಿಸಬೇಕಿತ್ತು?"

*ನೀವು ಇತರರ ನೋವಿಗೆ ಬೇಗ ಕರಗುವವರಾದರೆ* 2013ರ ಒಂದು ಅಧ್ಯಯನ ನಿಮಗೇ ಬರೆದಂತಿದೆ. ಕಾಣೆಯಾದ ಮನೆಯವರಿಗಾಗಿ ಟಿವಿಯಲ್ಲಿ ಅತ್ತು ಬೇಡಿಕೊಂಡವರ ದೃಶ್ಯಗಳನ್ನು ಜನರಿಗೆ ತೋರಿಸಲಾಯಿತು. ಅವರಲ್ಲಿ ಕೆಲವರೇ ಆ ಮನೆಯವರನ್ನು ಕೊಂದವರು ಎಂಬುದು ಮುಂದೆ ಸಾಬೀತಾಗಿತ್ತು. ಭಾವನೆಗಳನ್ನು ಚೆನ್ನಾಗಿ ಅರಿಯುತ್ತೇವೆ ಎಂಬ ಅಳತೆಯಲ್ಲಿ ಮೇಲಿದ್ದವರೇ ತಮ್ಮ ತೀರ್ಪಿನ ಮೇಲೆ ಹೆಚ್ಚು ಭರವಸೆಯಿಟ್ಟು, ಸುಳ್ಳು ಅಳುವಿಗೆ ಹೆಚ್ಚು ಮರುಗಿದರು. ಆಸ್ಪತ್ರೆಯ ಬಿಲ್ ಹಿಡಿದು ಬಂದವರಿಗೆ ಸಹಾಯ ಮಾಡಬೇಡಿ ಎಂದು ನಾನು ಹೇಳುತ್ತಿಲ್ಲ. ಹಣವನ್ನು ಕೈಗೆ ಕೊಡುವ ಬದಲು ಆಸ್ಪತ್ರೆಯ ಕೌಂಟರಿನಲ್ಲಿ ಕಟ್ಟಿ. ಕರುಣೆಯೂ ಉಳಿಯಿತು, ಪರಿಶೀಲನೆಯೂ ಆಯಿತು.

*ನಿಯಮಕ್ಕೆ ಹೆದರಿ ನಡೆಯುವ ಅಚ್ಚುಕಟ್ಟಿನವರು,* ಅಂದರೆ ತೆರಿಗೆ ತಪ್ಪಿಸದವರು, ಗಡುವಿನ ಮೊದಲೇ ಬಿಲ್ ಕಟ್ಟುವವರು, "ಡಿಜಿಟಲ್ ಅರೆಸ್ಟ್" ಎಂಬ ಫೋನ್ ಮೋಸದಲ್ಲಿ ಸುಲಭಕ್ಕೆ ಬೀಳುತ್ತಾರೆ ಎಂಬುದು ನನ್ನ ಅಂದಾಜು. ಪೊಲೀಸ್ ವೇಷದವನು ವಿಡಿಯೋದಲ್ಲಿ "ನಿಮ್ಮ ಆಧಾರ್‌ ನಂಬರಿನಲ್ಲಿ ಪಾರ್ಸೆಲ್ ಸಿಕ್ಕಿದೆ" ಎಂದಾಗ ಪೋಕರಿ ಫೋನ್ ಇಡುತ್ತಾನೆ, ಸಭ್ಯ ನಿವೃತ್ತ ಅಧಿಕಾರಿ ಉತ್ತರ ಕೊಡುತ್ತಾ ಕೂರುತ್ತಾನೆ. ನಮ್ಮ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಎಂಬುದೇ ಇಲ್ಲ. ಮುಖ ನೋಡುವ ಪ್ರಶ್ನೆಯೇ ಇಲ್ಲಿ ಬರುವುದಿಲ್ಲ, ಫೋನ್ ಕಟ್ ಮಾಡಿದರೆ ಆಯಿತು.

ಬೆರೆಯುವ ಗುಣದ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಮನಸ್ಥಿತಿಯ ಬಗ್ಗೆ ಉಂಟು: ಜೋಸೆಫ್ ಫೋರ್ಗಾಸ್ ಮತ್ತು ರೆಬೆಕಾ ಈಸ್ಟ್ 2008ರಲ್ಲಿ ಆಸ್ಟ್ರೇಲಿಯಾದಲ್ಲಿ ಕಂಡಂತೆ, ಖುಷಿಯಲ್ಲಿದ್ದವರು ಹೆಚ್ಚು ನಂಬಿದರು, ಬೇಸರದಲ್ಲಿದ್ದವರು ಸುಳ್ಳನ್ನು ಚೆನ್ನಾಗಿ ಹಿಡಿದರು. ಜಾಗದ ಅಡ್ವಾನ್ಸ್ ಮಾತುಕತೆಯನ್ನು ಗೃಹಪ್ರವೇಶದ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡ ಹೊತ್ತಿಗೆ ಇಟ್ಟುಕೊಳ್ಳಬೇಡಿ.

ಹೆಜ್ಜೆ 4: ಭಾಷೆಗೆ ಸಲ್ಲಬೇಕಾದ ರಿಯಾಯಿತಿ ಕೊಡಿ

ಈ ಹೆಜ್ಜೆ ಬೇರೆ ಊರಿನವರಿಗೆ ಅಷ್ಟು ಮುಖ್ಯವಲ್ಲ. ನಮಗೆ ಇದೇ ಮುಖ್ಯ. ಕನ್ನಡ, ಮಲಯಾಳ, ತುಳು, ಬ್ಯಾರಿ, ಕೊಂಕಣಿ, ಮರಾಠಿ ಎಲ್ಲ ಒಂದೇ ಬಸ್ಸಿನಲ್ಲಿ ಕೇಳಿಸುವ ಜಿಲ್ಲೆ ಇದು. ನಮ್ಮಲ್ಲಿ ದಿನಕ್ಕೆ ಹಲವು ಸಲ ಯಾರಾದರೊಬ್ಬರು ತಮ್ಮದಲ್ಲದ ಭಾಷೆಯಲ್ಲಿ ತಮ್ಮ ನಿಜವನ್ನು ಹೇಳಿಕೊಳ್ಳುತ್ತಿರುತ್ತಾರೆ.

ಕೆನಡಾದಲ್ಲಿ ಕ್ಯೇಲಾ ಡಾ ಸಿಲ್ವಾ ಮತ್ತು ಎಮಿ ಲೀಚ್ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸ್ವಂತ ಭಾಷೆಯಲ್ಲಿ ಮಾತಾಡಿದವರಿಗೆ ಸಿಗುವ ನಂಬಿಕೆಯ ರಿಯಾಯಿತಿ ಎರಡನೇ ಭಾಷೆಯಲ್ಲಿ ಮಾತಾಡಿದವರಿಗೆ ಸಿಗುವುದಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ಶಬ್ದ ಹುಡುಕುತ್ತಾ ನಿಲ್ಲುವುದು, ಹೇಳಿದ್ದನ್ನು ತಿದ್ದುವುದು, ಧ್ವನಿ ಏರಿಳಿಯುವುದು ಇವೆಲ್ಲ ಜನ ಸುಳ್ಳಿನ ಗುರುತು ಎಂದು ನಂಬಿದ ಲಕ್ಷಣಗಳೇ. ಮುಳ್ಳೇರಿಯ ಕಡೆಯ ಅಜ್ಜಿ ಕಚೇರಿಯಲ್ಲಿ ಹರುಕು ಮಲಯಾಳದಲ್ಲಿ ಉತ್ತರಿಸುವಾಗ ತಡವರಿಸಿದರೆ, ಕೌಂಟರಿನ ಆಚೆಗಿರುವವರಿಗೆ ಅದು ಮುಚ್ಚುಮರೆಯಂತೆ ಕಾಣಬಹುದು. ತೋಟಕ್ಕೆ ಬಂದ ಬಂಗಾಳದ ಅಥವಾ ಅಸ್ಸಾಮಿನ ಕೆಲಸಗಾರ ನಮ್ಮ ಹರುಕು ಹಿಂದಿಯ ಪ್ರಶ್ನೆಗೆ ತಡವರಿಸಿದಾಗ ನಾವೂ ಅದನ್ನೇ ಮಾಡುತ್ತೇವೆ. ನಾವು ಅನುಭವಿಸಿದ ಅನ್ಯಾಯವನ್ನು ಅವನ ತಲೆಗೆ ದಾಟಿಸುವುದರಲ್ಲಿ ನಾವು ಹಿಂದೆ ಬೀಳುವುದಿಲ್ಲ.

ಹೀಗೆ ಮಾಡಿ. ವಿಷಯ ಗಂಭೀರವಾಗಿದ್ದರೆ ಅವರ ಮನೆಮಾತಿನಲ್ಲೇ ಹೇಳಲು ಬಿಡಿ, ಎರಡೂ ಭಾಷೆ ಬಲ್ಲ ಮೂರನೆಯವರನ್ನು ಕೂರಿಸಿ. ಸಿಗದಿದ್ದರೆ ಒಂದೇ ಪ್ರಶ್ನೆಯನ್ನು ಸಣ್ಣ ವಾಕ್ಯಗಳಲ್ಲಿ ಕೇಳಿ, ಉತ್ತರಕ್ಕೆ ಸಮಯ ಕೊಡಿ, ಹೇಗೆ ಹೇಳಿದರು ಎಂಬುದನ್ನು ಪೂರ್ತಿ ಬಿಟ್ಟು ಏನು ಹೇಳಿದರು ಎಂಬುದನ್ನು ಮಾತ್ರ ಬರೆದುಕೊಳ್ಳಿ. ನೀವೇ ಆ ಕುರ್ಚಿಯಲ್ಲಿ ಕೂತಿದ್ದರೆ ಬಾಯಿಮಾತಿಗೆ ಇಳಿಯಬೇಡಿ, ಕನ್ನಡದಲ್ಲಿ ಬರೆದುಕೊಂಡು ಹೋಗಿ. ದೂರು, ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ.

ಹೆಜ್ಜೆ 5: ಪ್ರಶ್ನೆ ಕೇಳುವ ಕ್ರಮ ಬದಲಿಸಿ

ಸ್ವಭಾವ ಏನೇ ಇರಲಿ, ಕೇಳುವ ಕ್ರಮವನ್ನು ಯಾರೂ ಕಲಿಯಬಹುದು. ಸ್ವೀಡನ್ನಿನಲ್ಲಿ ಮಾರಿಯಾ ಹಾರ್ಟ್‌ವಿಗ್ ಮತ್ತು ಸಂಗಡಿಗರು 2006ರಲ್ಲಿ ಪೊಲೀಸ್ ತರಬೇತಿಯಲ್ಲಿದ್ದವರ ಮೇಲೆ ಪ್ರಯೋಗ ಮಾಡಿದರು. ಕೈಯಲ್ಲಿರುವ ಆಧಾರವನ್ನು ಮೊದಲೇ ತೋರಿಸದೆ, ಎದುರಿನವರಿಗೆ ಪೂರ್ತಿ ಹೇಳಲು ಬಿಟ್ಟು, ಕೊನೆಗೆ ತೋರಿಸುವ ಕ್ರಮವನ್ನು ಒಂದು ಗುಂಪಿಗೆ ಕಲಿಸಲಾಯಿತು. ಕಲಿತವರ ತೀರ್ಪು 85%ರಷ್ಟು ಸರಿಯಾಯಿತು, ಕಲಿಯದವರದ್ದು 56%. ಸ್ವಭಾವದಿಂದ ಸಿಗದ ಅಂತರ ಕ್ರಮದಿಂದ ಸಿಕ್ಕಿತು.

ನಮ್ಮ ಊರಿಗೆ ತಂದು ನೋಡಿ. ನೀರ್ಚಾಲು ಬಳಿ ಹತ್ತು ಸೆಂಟ್ಸ್ ಜಾಗ ತೋರಿಸಲು ಬ್ರೋಕರ್ ಬಂದಿದ್ದಾರೆ ಎಂದಿಟ್ಟುಕೊಳ್ಳಿ. ನೀವು ನಿವೃತ್ತ ಮಾಷ್ಟ್ರು. ಜಾಗದ ಮೇಲೆ ಸಾಲ ಉಂಟೋ ಎಂದು ತಿಳಿಸುವ ಋಣಭಾರ ಪತ್ರವನ್ನು ಮೊದಲೇ ತೆಗೆಸಿದ್ದೀರಿ. ಸಹಕಾರಿ ಬ್ಯಾಂಕಿನ ಒಂದು ಗಹಾನ್, ಅಂದರೆ ಸಾಲಕ್ಕೆ ಜಾಗ ಒತ್ತೆಯಿಟ್ಟದ್ದು, ಅದರಲ್ಲಿ ದಾಖಲಾಗಿದೆ. ಪತ್ರ ಚೀಲದಲ್ಲೇ ಇರಲಿ.

"ಈ ಜಾಗದ ಕಥೆ ಸುರುವಿನಿಂದ ಒಮ್ಮೆ ಹೇಳಿ ನೋಡುವಾ."

"ಎಂತ ಕಥೆ ಮಾಷ್ಟ್ರೇ, ಅವರ ಅಪ್ಪ ತೆಗೆದ ಜಾಗ. ಯಾವ ತಕರಾರೂ ಇಲ್ಲ."

"ಒಳ್ಳೆದಾಯ್ತು. ಜಾಗದ ಮೂಲ ಆಧಾರಪತ್ರ ಈಗ ಯಾರ ಹತ್ತಿರ ಉಂಟು?"

"ಮನೆಯಲ್ಲೇ ಉಂಟು."

"ಅವರು ಅದನ್ನು ಕೊನೆಗೆ ಹೊರಗೆ ತೆಗೆದದ್ದು ಎಂತಕ್ಕೆ?"

"ಅದು... ಕೇಳ್ಬೇಕಷ್ಟೆ."

"ಬ್ಯಾಂಕಿಗೆ ಏನಾದರೂ ಕೊಟ್ಟದ್ದು ಉಂಟಾ?"

"ಇಲ್ಲ, ಇಲ್ಲ."

ಈಗ ಪತ್ರ ಮೇಜಿನ ಮೇಲೆ ಬರಲಿ. "ಇಲ್ಲೊಂದು ಗಹಾನ್ ಕಾಣ್ತದಲ್ಲ ಅಣ್ಣ, ಇದು ಎಂತದ್ದು?"

ಇಲ್ಲಿ ನಿಲ್ಲಿ. "ಸಿಕ್ಕಿಬಿದ್ದ" ಎಂದು ಖುಷಿಪಡುವ ಹೊತ್ತಲ್ಲ. ಬ್ರೋಕರಿಗೆ ನಿಜವಾಗಿಯೂ ಗೊತ್ತಿಲ್ಲದೆ ಇರಬಹುದು. ತಪ್ಪು ಮಾಹಿತಿ ಬೇರೆ, ಸುಳ್ಳು ಬೇರೆ. ಸಾಲ ತೀರಿಸಿ ರದ್ದು ಮಾಡಿಸದೆ ಬಿಟ್ಟದ್ದೂ ಆಗಿರಬಹುದು. ಅವರ ವಿವರಣೆ ಕೇಳಿ, ಆ ವಿವರಣೆಗೆ ಕಾಗದ ಕೇಳಿ. ಇನ್ನೊಂದು ಎಚ್ಚರ: ಮೂಲ ಆಧಾರವನ್ನು ಬ್ಯಾಂಕಿನಲ್ಲಿಟ್ಟು ಪಡೆದ ಸಾಲ ಋಣಭಾರ ಪತ್ರದಲ್ಲಿ ಕಾಣದೆ ಹೋಗಬಹುದು. ಅದಕ್ಕಾಗಿ ಮೂಲ ಆಧಾರವನ್ನು ಕಣ್ಣಾರೆ ನೋಡದೆ ಅಡ್ವಾನ್ಸ್ ಕೊಡಬೇಡಿ. ನಕಲು ತೋರಿಸಿದರೆ ಸಾಲದು.

ಪ್ರಶ್ನೆಗಳ ಬಗ್ಗೆ ಇನ್ನೂ ಕೆಲವು. ಕಥೆ ಕಟ್ಟಿಕೊಂಡು ಬಂದವರು ಮುಖ್ಯ ಪ್ರಶ್ನೆಗಳಿಗೆ ಉತ್ತರ ಸಿದ್ಧ ಮಾಡಿರುತ್ತಾರೆ, ಪಕ್ಕದ ಪ್ರಶ್ನೆಗಳಿಗೆ ಮಾಡಿರುವುದಿಲ್ಲ. "ದುಬೈ ಕಂಪೆನಿಯಲ್ಲಿ ಸೂಪರ್‌ವೈಸರ್ ಆಗಿದ್ದೆ" ಎನ್ನುವವರನ್ನು ಸಂಬಳ ಕೇಳಿದರೆ ಥಟ್ಟನೆ ಹೇಳುತ್ತಾರೆ. ರೂಮಿನಿಂದ ಕೆಲಸದ ಜಾಗಕ್ಕೆ ಹೇಗೆ ಹೋಗುತ್ತಿದ್ದಿರಿ, ಶುಕ್ರವಾರ ಅಡಿಗೆ ಯಾರದ್ದು ಎಂದು ಕೇಳಿ. ನಿಜವಾಗಿ ಇದ್ದವರು ಬೇಡವೆಂದರೂ ಅರ್ಧ ಗಂಟೆ ಹೇಳುತ್ತಾರೆ!

ವಿವರ ಎಷ್ಟು ದಟ್ಟವಾಗಿದೆ ಎಂಬುದೊಂದನ್ನೇ ನೋಡಿ, ಉಳಿದ ಗುರುತೆಲ್ಲ ಬಿಡಿ ಎಂಬ ಸರಳ ಸೂತ್ರವನ್ನು ಬ್ರೂನೊ ವರ್‌ಶೂರ್ ಮತ್ತಿತರರು 2023ರಲ್ಲಿ ಪರೀಕ್ಷಿಸಿದರು. ಹತ್ತಾರು ಲಕ್ಷಣ ನೋಡುವವರಿಗಿಂತ ಆ ಒಂದನ್ನೇ ನೋಡಿದವರು ಮೇಲಾದರು. ನಾನು ಅದಕ್ಕೆ ಒಂದು ಷರತ್ತು ಸೇರಿಸುತ್ತೇನೆ: ವಿವರ ಪರಿಶೀಲಿಸಲು ಬರುವಂಥದ್ದಾಗಿರಬೇಕು. "ಅಲ್ಲಿ ತುಂಬ ಸೆಕೆ, ತುಂಬ ಜನ" ಎಂಬುದು ವಿವರವಲ್ಲ. ಇಂಥ ಕಟ್ಟಡ, ಇಂಥ ಊರಿನ ಇಂಥವರು ಜೊತೆಗಿದ್ದರು ಎಂಬುದು ವಿವರ. ಮಾತೇ ಕಡಿಮೆಯಿರುವ ಜನರೂ ಇದ್ದಾರೆ. ಅವರನ್ನು ಅವರ ಎಂದಿನ ಮಾತಿನೊಡನೆ ಹೋಲಿಸಿ, ಬಾಯಿಬಡುಕರೊಡನೆ ಹೋಲಿಸಬೇಡಿ.

ನಡೆದದ್ದನ್ನು ಕೊನೆಯಿಂದ ಸುರುವಿಗೆ ಹೇಳಿಸುವ ಉಪಾಯವನ್ನು ಆಲ್ಡರ್ಟ್ ವ್ರಿಜ್ ಅವರ ತಂಡ 2008ರಲ್ಲಿ ಪರೀಕ್ಷಿಸಿ ಫಲ ಕಂಡಿತ್ತು. ಅದು ಪೊಲೀಸರ ವಿಚಾರಣೆಗೆ ಸರಿ. ವಯಸ್ಸಾದವರ ಮೇಲೆ, ಪೆಟ್ಟು ತಿಂದವರ ಮೇಲೆ, ಊಟದ ಮೇಜಿನಲ್ಲಿ ಹೆಂಡತಿಯ ಮೇಲೆ ಪ್ರಯೋಗಿಸಲು ಹೋಗಬೇಡಿ.

ಹೆಜ್ಜೆ 6: ಮನುಷ್ಯನನ್ನು ಬಿಟ್ಟು ಸಂಗತಿಯ ಬೆನ್ನು ಹತ್ತಿ

ನಿಜ ಜೀವನದಲ್ಲಿ ಸುಳ್ಳು ಹೇಗೆ ಬಯಲಾಯಿತು ಎಂದು 2002ರಲ್ಲಿ ಪಾರ್ಕ್, ಲೆವೀನ್ ಮತ್ತಿತರರು ಜನರನ್ನೇ ಕೇಳಿದರು. ಮೂರನೆಯವರು ಹೇಳಿದ್ದು, ಕಾಗದ-ವಸ್ತುಗಳ ಸಾಕ್ಷಿ, ಸುಳ್ಳು ಹೇಳಿದವರೇ ಒಪ್ಪಿಕೊಂಡದ್ದು – ಇವೇ ಹೆಚ್ಚು. ಎದುರಿಗೆ ಹೇಳುತ್ತಿದ್ದಾಗಲೇ ಹಾವಭಾವದಿಂದ ತಿಳಿಯಿತು ಎಂದವರು ಬೆರಳೆಣಿಕೆಯಷ್ಟು. ಹೆಚ್ಚಿನ ಸುಳ್ಳುಗಳು ತಿಳಿದದ್ದು ದಿನಗಳು ಕಳೆದ ಮೇಲೆ.

ಹಾಗಾಗಿ ಸಮಯ ಕೊಳ್ಳುವುದೇ ದೊಡ್ಡ ಉಪಾಯ. "ಇವತ್ತೇ ಆಗಬೇಕು, ನಾಳೆ ಬೇರೆಯವರು ತಗೊಳ್ತಾರೆ" ಎಂದವರಿಗೆ "ತಗೊಳ್ಳಲಿ" ಎನ್ನಲು ಬಂದರೆ ಅರ್ಧ ಗೆದ್ದಂತೆ.

ಗಲ್ಫಿನ ಕೆಲಸಕ್ಕೆ ಏಜೆಂಟ್ ಹಣ ಕೇಳಿದರೆ, ಅವರ ಹೆಸರು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದ ನೋಂದಾಯಿತರ ಪಟ್ಟಿಯಲ್ಲಿ ಉಂಟೋ ನೋಡಿ. ಸ್ವಂತ ತಿಳಿಯದಿದ್ದರೆ ಆನ್‌ಲೈನ್ ಸೇವೆ ಕೊಡುವ ಅಕ್ಷಯ ಕೇಂದ್ರದಲ್ಲಿ ತೆಗೆದು ತೋರಿಸುತ್ತಾರೆ. ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾ ಶುಲ್ಕಕ್ಕೆ 30,000 ರೂಪಾಯಿ ಮತ್ತು ಜಿಎಸ್‌ಟಿಯ ಮಿತಿ ಉಂಟು. ಲಕ್ಷಗಟ್ಟಲೆ ಕೇಳಿದರೆ ಅವರ ಮುಖ ಪರೀಕ್ಷಿಸುವ ಕೆಲಸವೇ ಉಳಿಯಲಿಲ್ಲ. ಜಾಗವಾದರೆ ವಿಲೇಜ್ ಆಫೀಸಿನ ತೆರಿಗೆ ರಶೀದಿಯಲ್ಲಿರುವ ಹೆಸರು, ಮಾರುವವರ ಹೆಸರು ಎರಡೂ ಒಂದೇ ಉಂಟೋ ನೋಡಿ. ಅಡಿಕೆಯಾದರೆ ಗೋಣಿಯ ಬಾಯಿಯದ್ದನ್ನು ಬಿಟ್ಟು ನಡುವಿನಿಂದ ತೆಗೆದು ಕತ್ತರಿಸಿ. ಸಂಬಂಧದ ವಿಷಯದಲ್ಲಿ ಹುಡುಗನ ಮನೆಯವರು ಹೇಳಿದವರನ್ನು ಬಿಟ್ಟು, ಅವನ ಕೆಲಸದ ಜಾಗದಲ್ಲಿ ನಿಮಗೆ ಸಿಗುವ ಮೂರನೆಯವರನ್ನು ವಿಚಾರಿಸಿ.

ಯಂತ್ರದ ಮೇಲೂ ಭರವಸೆ ಬೇಡ. ಸುಳ್ಳು ಪತ್ತೆ ಯಂತ್ರ, ಮಂಪರು ಪರೀಕ್ಷೆಗಳನ್ನು ಒಪ್ಪಿಗೆಯಿಲ್ಲದೆ ಯಾರ ಮೇಲೂ ನಡೆಸಬಾರದೆಂದು ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದೆ. "ಯಂತ್ರಕ್ಕೆ ಕೂರಿಸ್ತೇನೆ" ಎಂದು ಕೆಲಸದವರನ್ನು ಹೆದರಿಸುವ ಹಕ್ಕು ಯಾವ ಯಜಮಾನರಿಗೂ ಇಲ್ಲ.

ಹೆಜ್ಜೆ 7: ಹೇಳುವುದು ಹೇಗೆ, ಹಣ ಹೋದರೆ ಮಾಡುವುದೇನು

ಪರಿಶೀಲನೆ ಮುಗಿಯುವ ತನಕ "ಸುಳ್ಳು" ಎಂಬ ಶಬ್ದ ಬಾಯಿಗೆ ಬರಬಾರದು. "ನೀವು ಹೇಳಿದ್ದಕ್ಕೂ ಈ ಕಾಗದಕ್ಕೂ ತಾಳೆ ಆಗುವುದಿಲ್ಲ, ಎಲ್ಲಿ ವ್ಯತ್ಯಾಸ ಆಯಿತು?" ಎಂದು ಕೇಳಿದರೆ ನಿಜ ಹೇಳಿದವರಿಗೆ ವಿವರಿಸಲು ದಾರಿ ಇರುತ್ತದೆ, ಸುಳ್ಳು ಹೇಳಿದವರಿಗೆ ಹಿಂದೆ ಸರಿಯಲು ದಾರಿ ಇರುತ್ತದೆ. ಚಿಕ್ಕ ಊರಿನಲ್ಲಿ ಈ ಎರಡನೆಯ ದಾರಿಯೂ ಬೇಕು. ನಾಳೆ ಅದೇ ಜಾತ್ರೆಯಲ್ಲಿ, ಅದೇ ಸಾಲಿನಲ್ಲಿ ಊಟಕ್ಕೆ ಕೂರಬೇಕಲ್ಲ. ಶಂಕೆ ತಪ್ಪೆಂದು ಗೊತ್ತಾದರೆ ಅದನ್ನು ಅವರಿಗೆ ಹೇಳಿ. ಶಂಕೆಯ ಮಾತು ನಾಲ್ಕು ಜನರ ಎದುರು ಆಗಿದ್ದರೆ, ತಪ್ಪಾಯಿತು ಎಂಬ ಮಾತೂ ಆ ನಾಲ್ವರ ಎದುರೇ ಆಗಲಿ.

ಫೋನ್ ಅಥವಾ ಆನ್‌ಲೈನ್ ಮೋಸದಲ್ಲಿ ಹಣ ಹೋಗಿದ್ದರೆ ಮೊದಲು ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಜೊತೆಗೇ ನಿಮ್ಮ ಬ್ಯಾಂಕಿಗೆ ತಿಳಿಸಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಬೇಗ ಬೇಗ ಸಾಗುತ್ತದೆ. ಬೇಗ ತಿಳಿಸಿದಷ್ಟೂ ನಡುದಾರಿಯಲ್ಲಿ ತಡೆಯುವ ಅವಕಾಶ ಹೆಚ್ಚು. ವ್ಯವಹಾರದ ಸಂಖ್ಯೆ, ಕರೆ ಬಂದ ನಂಬರ್, ವಾಟ್ಸಾಪ್ ಮಾತುಕತೆ ಯಾವುದನ್ನೂ ಅಳಿಸಬೇಡಿ. ಕರೆ ತಡವಾಗುವುದು ಹೆಚ್ಚಾಗಿ ನಾಚಿಕೆಯಿಂದ. "ಇಷ್ಟು ಓದಿ ಹೀಗೆ ಬಿದ್ದೆಯಲ್ಲ" ಎಂದು ಮನೆಯವರು ಕೇಳುತ್ತಾರೆಂದು ಎರಡು ದಿನ ಮುಚ್ಚಿಡುತ್ತಾರೆ. ನಿಮ್ಮ ಮನೆಯಲ್ಲಿ ಅಂಥವರು ಬಂದು ಹೇಳಿದರೆ ಆ ಪ್ರಶ್ನೆಯನ್ನು ಆಮೇಲೆ ಕೇಳಬಹುದು, ಮೊದಲು ಫೋನ್ ಕೈಗೆ ಕೊಟ್ಟು ನಂಬರ್ ಒತ್ತಿಸಿ.